ನೊರೆಯಕ್ಕನ ಎರಡು ನಿಮಿಷ

ಬೆಳಗಿನ ಜಾವ ನಾಲ್ಕೂವರೆ. ಸೂರ್ಯ ಇನ್ನೂ ಮಗ್ಗುಲು ಬದಲಿಸಿಲ್ಲ. ಬಸ್ ಡಿಪೋದ ಹಿಂಭಾಗದಲ್ಲಿ ಮಾತ್ರ ಮೊಣಕಾಲುದ್ದ ಸೋಪಿನ ನೊರೆ ಎದ್ದಿದೆ. ಅದರ ನಡುವೆ ರಬ್ಬರ್ ಬೂಟು ಹಾಕಿಕೊಂಡ ಹೆಂಗಸೊಬ್ಬರು, ಮುಗಿಲು ಮುಟ್ಟುವಷ್ಟು ಉದ್ದದ ಕೋಲಿನ ಬ್ರಷ್ಷು ಹಿಡಿದು ಬಸ್ಸಿನ ಬೆನ್ನು ತಿಕ್ಕುತ್ತಿದ್ದಾರೆ. ಆನೆಗೆ ಮೈ ತೊಳೆಯುವವರಿಗೂ ಇಷ್ಟು ಅಕ್ಕರೆ ಇರಲಾರದು. ತಿಕ್ಕಿ ಮುಗಿಸಿದವರೇ ಕೋಲನ್ನು ಗೋಡೆಗೆ ಒರಗಿಸಿ, ಸೊಂಟಕ್ಕೆ ಸಿಕ್ಕಿಸಿಕೊಂಡ ಮುರುಕು ಬಾಚಣಿಗೆ ತೆಗೆದು, ಹಿಂಬದಿ ಗಾಜಿನ ನೊರೆಯ ಮೇಲೆ ಸರಸರ ಎಳೆಯುತ್ತಾರೆ. ಬೆರಳಿನಿಂದ ಕೊಕ್ಕು, ಬಾಚಣಿಗೆಯಿಂದ ರೆಕ್ಕೆ, ಹೆಬ್ಬೆರಳ ತುದಿಯಿಂದ ಕಣ್ಣು. ಕೊಕ್ಕರೆಯೊಂದು ಗಾಜಿನ ಮೇಲೆ ಬಂದಿಳಿಯುತ್ತದೆ.

ಅದರ ಆಯಸ್ಸು ಎರಡು ನಿಮಿಷ. ಹೆಚ್ಚು ಬಿಟ್ಟರೆ ಸೋಪು ಒಣಗಿ ಗಾಜಿಗೆ ಬೆಳ್ಳಗೆ ಅಂಟಿಕೊಳ್ಳುತ್ತದೆ. ಹಾಗಾಗಿ ಪೈಪಿನ ನೀರು ಬೀಳುತ್ತದೆ, ಕೊಕ್ಕರೆ ಚರಂಡಿ ಸೇರುತ್ತದೆ. ಭೂಮಂಡಲದಲ್ಲಿ ಇದಕ್ಕಿಂತ ಚಿಕ್ಕ ಚಿತ್ರಪ್ರದರ್ಶನ ಇದ್ದರೆ ಯಾರಾದರೂ ತೋರಿಸಲಿ. ಪ್ರೇಕ್ಷಕರು ಚಹಾದ ಲೋಟ ಹಿಡಿದ ನಾಲ್ಕು ಚಾಲಕರು, ಜೊತೆಗೆ ಯಾವ ಚಿತ್ರವನ್ನೂ ಮೆಚ್ಚದ ಒಂದು ನಾಯಿ.

ಡಿಪೋದಲ್ಲಿ ಎಲ್ಲರ ಬಾಯಲ್ಲೂ ಅವರು ನೊರೆಯಕ್ಕ. ವಯಸ್ಸು ಐವತ್ತೆರಡು. ದಿನಕ್ಕೆ ಮೂವತ್ತೆರಡು ಬಸ್ಸು, ಹದಿನಾಲ್ಕು ವರ್ಷದ ದುಡಿಮೆ. ಸಮುದ್ರ ಒಂದು ತುಂಬಿ ಇನ್ನೊಂದಕ್ಕೂ ಮಿಗುವಷ್ಟು ನೀರು ಈ ಕೈಗಳಿಂದ ಹರಿದಿದೆ. ಚಿತ್ರ ಮಾತ್ರ ದಿನಕ್ಕೆ ಒಂದೇ, ಅದೂ ಮೊದಲ ಬಸ್ಸಿಗೆ. ಐದು ವರ್ಷದ ಹಿಂದೆ ಬೆರಳು ಜಾರಿ ಗಾಜಿನ ಮೇಲೆ ಒಂದು ಮೀನು ಮೂಡಿತ್ತು. "ಮೀನು ಚೆನ್ನಾಗಿದೆ, ನಾಳೆ ಏನು?" ಎಂದು ಮೊದಲ ಬಸ್ಸಿನ ಚಾಲಕರು ಕೇಳಿದ್ದೇ ತಪ್ಪಾಯಿತು. ಅಲ್ಲಿಂದ ನಾಲ್ಕು ವರ್ಷ ನೊರೆಯಕ್ಕ ಒಂದು ದಿನವೂ ಬಿಟ್ಟವರಲ್ಲ. ವಾರದ ರಜೆಯಲ್ಲೂ ಬಂದು, ಚಿತ್ರ ಬಿಡಿಸಿಯೇ ಮನೆಗೆ ಮರಳುತ್ತಿದ್ದರು. ಜ್ವರದಲ್ಲಿ ನಡುಗುತ್ತ ಬಿಡಿಸಿದ ಜಿಂಕೆಗೆ ಹನ್ನೆರಡು ಕಾಲಿದ್ದವೆಂದು ಆ ಚಾಲಕರು ಇಂದಿಗೂ ಆಣೆ ಇಡುತ್ತಾರೆ.

ಹೋದ ವರ್ಷ ನೊರೆಯಕ್ಕನ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಮನೆಯಲ್ಲಿರುವುದು ಇಬ್ಬರೇ. ಅಮ್ಮನ ಮೈ ಒರೆಸಿ, ಔಷಧಿ ಕೊಟ್ಟು, ಓಡಿ ಬಂದು, ಬಸ್ಸು ತೊಳೆದು, ಮತ್ತೆ ಓಡುವುದು. ಹೀಗೆ ಇಪ್ಪತ್ಮೂರು ದಿನ ಗಾಜು ಖಾಲಿ.

"ಮೊದಲ ಬಸ್ಸಿನ ಅಣ್ಣ ಲೋಟ ಹಿಡ್ಕೊಂಡು ಬರೋರು, ಗಾಜು ನೋಡೋರು, ಏನೂ ಅನ್ನದೆ ಹೋಗೋರು. ಬೈದಿದ್ರೆ ವಾಸಿ ಇತ್ತು" ಎನ್ನುತ್ತಾರೆ ನೊರೆಯಕ್ಕ.

ಇಪ್ಪತ್ನಾಲ್ಕನೇ ದಿನ, ಪಕ್ಕದ ಮನೆಯವರನ್ನು ಅಮ್ಮನ ಬಳಿ ಕೂರಿಸಿ ನೊರೆಯಕ್ಕ ಮೂರು ಗಂಟೆಗೇ ಡಿಪೋದಲ್ಲಿದ್ದರು. ತಪ್ಪಿಹೋದ ಇಪ್ಪತ್ಮೂರು ಚಿತ್ರಗಳನ್ನೂ ಅವತ್ತೇ ಬಿಡಿಸಿ ಮುಗಿಸುವ ಹಟ. ಮೊದಲ ಬಸ್ಸಿಗೆ ನವಿಲು, ಎರಡನೆಯದಕ್ಕೆ ಕುದುರೆ. ಏಳನೇ ಬಸ್ಸಿನ ಹೊತ್ತಿಗೆ ಹಂಸಕ್ಕೆ ಬಾತುಕೋಳಿಯ ಮುಖ ಬಂದಿತ್ತು. ಹನ್ನೊಂದನೆಯದು ಯಾವ ಪ್ರಾಣಿಯೆಂದು ಬಿಡಿಸಿದವರಿಗೇ ಗೊತ್ತಾಗಲಿಲ್ಲ. ಅಷ್ಟರಲ್ಲಿ ಸೋಪು ಒಣಗಿ, ಬಸ್ಸುಗಳೆಲ್ಲ ಸುಣ್ಣ ಬಳಿಸಿಕೊಂಡು ಸಾಲಾಗಿ ನಿಂತಿದ್ದವು. ಒಂಬತ್ತು ಬಸ್ಸು ತಡವಾಗಿ ಹೊರಟವು. ನಿಲ್ದಾಣಗಳಲ್ಲಿ ಕಾದವರ ಬೈಗುಳ ಹಾರಿ ಬಂದು ಡಿಪೋದ ತಗಡಿನ ಮಾಡಿಗೇ ಬಡಿಯಿತು.

ಮೇಲ್ವಿಚಾರಕರು ಕೆಂಡವಾಗಿದ್ದರು. "ಏನಮ್ಮಾ, ಬಸ್ ತೊಳೆಯೋಕೆ ಬಂದಿದ್ದೀಯಾ, ಮೃಗಾಲಯ ತೆರೆಯೋಕೆ ಬಂದಿದ್ದೀಯಾ?"

ಮನೆಗೆ ಬಂದ ನೊರೆಯಕ್ಕ ಬಾಚಣಿಗೆಯನ್ನು ಕಸದ ಬುಟ್ಟಿಗೆ ಎಸೆದರು. "ಇನ್ಮೇಲೆ ಬರೀ ತೊಳೀತೀನಮ್ಮ. ದಿನಾ ಒಂದು ಚಿತ್ರ ಬಿಡಿಸೋ ಯೋಗ್ಯತೆನೂ ನಂಗಿಲ್ಲ."

ಮಧ್ಯಾಹ್ನ ಅಮ್ಮ ಮಗಳ ತೋಳು ಹಿಡಿದು, ಬಿದ್ದಮೇಲೆ ಮೊದಲ ಸಲ ಎದ್ದು ನಿಂತರು. ಮಂಚದಿಂದ ಬಾಗಿಲಿಗೆ ಏಳು ಹೆಜ್ಜೆ. ಏಳೂ ಮುಗಿಯುವಷ್ಟರಲ್ಲಿ ಒಂದು ಯುಗ ಕಳೆದಿತ್ತು. "ಸಾಕಮ್ಮ, ಇವತ್ತಿಗೆ ಇದೇ ದೊಡ್ಡದು" ಎಂದು ಮಗಳು ಬೆನ್ನು ಸವರಿದರು.

ಅಮ್ಮ ಬಾಗಿಲ ಚೌಕಟ್ಟು ಹಿಡಿದು ಉಸಿರು ಎಳೆದುಕೊಂಡರು. "ಇಪ್ಪತ್ಮೂರು ದಿನ ನಾನೂ ನಡೀಲಿಲ್ಲ ಕಣೇ. ಅಷ್ಟೂ ದಿನದ ನಡಿಗೆ ಇವತ್ತೇ ನಡಿ ಅಂದ್ಯಾ ನಂಗೆ? ಬಾಗಿಲ ತನಕ ಸಾಕು ಅಂದೆ. ನಂಗೆ ಹೇಳಿದ್ದನ್ನ ನಿಂಗೂ ಒಂಚೂರು ಹೇಳ್ಕೋ."

ಕಸದ ಬುಟ್ಟಿಯಿಂದ ಬಾಚಣಿಗೆ ಮೇಲೆದ್ದಿತು.

ಮರುದಿನ ಬೆಳಿಗ್ಗೆ ಗಾಜಿನ ಮೇಲೆ ಒಂದೇ ಒಂದು ಗೆರೆ. ಮೊದಲ ಬಸ್ಸಿನ ಚಾಲಕರು ಲೋಟ ಹಿಡಿದು ಬಂದು, ಕತ್ತು ಆ ಕಡೆ ಈ ಕಡೆ ವಾಲಿಸಿ ನೋಡಿದರು. "ಇದೇನು ತಂಗಿ?"

"ಇವತ್ತು ಬಾಗಿಲ ತನಕ, ಅಣ್ಣಾ." ನೊರೆಯಕ್ಕ ಅಮ್ಮನ ಏಳು ಹೆಜ್ಜೆಯ ಕತೆ ಹೇಳಿದರು.

ಚಾಲಕರು ಒಂದು ಗುಟುಕು ಚಹಾ ಕುಡಿದರು. "ನಂಗೇನೋ ಮಲಗಿರೋ ಹಾವು ಕಾಣ್ತಿದೆ. ಬೇಗ ನೀರು ಬಿಡು, ಎದ್ದೀತು."

ಈಗ ಕೆಲವು ದಿನ ಕೊಕ್ಕರೆ, ಕೆಲವು ದಿನ ಗೆರೆ, ಕೆಲವು ದಿನ ಬರೀ ನೀರು. ರಜೆಯ ದಿನ ನೊರೆಯಕ್ಕ ಬಿಸಿಲು ಮುಖಕ್ಕೆ ಬೀಳುವವರೆಗೆ ಮಲಗುತ್ತಾರೆ. ಅವರ ಗೊರಕೆಗೆ ಮೂರು ಬೀದಿಯ ಕಿಟಕಿಗಳು ಅದುರುತ್ತವೆಂದು ಅಮ್ಮ ದೂರುತ್ತಾರೆ, ಸಂತೋಷದಿಂದ.

"ತಪ್ಪಿದ ದಿನ ತಪ್ಪಿತು. ಗಾಜಿಗೆ ನಿನ್ನೆದು ನೆನಪಿರಲ್ಲ, ನಾನ್ಯಾಕೆ ನೆನಪಿಸ್ಲಿ?" ಎನ್ನುತ್ತ ನೊರೆಯಕ್ಕ ಪೈಪು ಸುತ್ತುತ್ತಾರೆ.

ಅವರಿಗೊಂದು ಆಸೆಯಿದೆ. ಅಮ್ಮ ಒಂದು ಚಿತ್ರವನ್ನೂ ಕಣ್ಣಾರೆ ಕಂಡಿಲ್ಲ. ಡಿಪೋ ಮನೆಯಿಂದ ನಾನೂರು ಹೆಜ್ಜೆ. ಅಮ್ಮ ಈಗ ಕೋಲೂರಿ ನೂರ ಅರವತ್ತು ನಡೆಯುತ್ತಾರೆ. ಕಾಲು ನೋವಿದ್ದ ದಿನ ಬಾಗಿಲ ತನಕ.

"ಬರ್ತಾರೆ, ಅವಸರ ಏನಿಲ್ಲ" ಎನ್ನುತ್ತಾರೆ ನೊರೆಯಕ್ಕ.

"ಅಮ್ಮ ಬಂದ ದಿನ ನನ್ನ ಬಸ್ಸು ತಡ ಆದ್ರೆ?" ಚಾಲಕರು ಲೋಟದ ಹಿಂದಿನಿಂದ ಕೆಣಕುತ್ತಾರೆ.

"ಆಗ್ಲಿ ಅಣ್ಣಾ. ಅವರು ಕಣ್ತುಂಬ ನೋಡೋ ತನಕ ಪೈಪು ಮುಟ್ಟಲ್ಲ. ಒಣಗಿದ ಸೋಪು ಉಜ್ಜೋದು ನಂಗೇನು ಹೊಸದಾ?"