ಬೀಸದ ಎಡಗೈ

ಶಿಡ್ಲಘಟ್ಟದ ಹೈಸ್ಕೂಲೊಂದರಲ್ಲಿ ನಾನು ಪಿ.ಟಿ. ಟೀಚರ್ ಆಗಿದ್ದೆ. ಐವತ್ತರ ಹತ್ತಿರ ಬಂದಿದ್ದರೂ ಹುಡುಗಿಯರ ಜೊತೆ ಥ್ರೋಬಾಲ್ ಆಡುತ್ತಿದ್ದೆ. ಹಾಗಾಗಿ ಅಕ್ಕನ ಮಗಳು, "ಚಿಕ್ಕಮ್ಮ, ನಮ್ ಪ್ರಾಜೆಕ್ಟಿಗೆ ಆರೋಗ್ಯವಾಗಿರೋರು ಬೇಕು, ಸುಮ್ನೆ ನಡೆದ್ರೆ ಸಾಕು" ಎಂದಾಗ ಸ್ವಲ್ಪ ಜಂಬದಿಂದಲೇ ಚಿಕ್ಕಬಳ್ಳಾಪುರದ ಬಸ್ಸು ಹತ್ತಿದೆ.

ಅವಳು ಅಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಳು. ನರರೋಗ ಬಂದವರ ನಡಿಗೆಯನ್ನೂ ಆರೋಗ್ಯವಂತರ ನಡಿಗೆಯನ್ನೂ ತೋರಿಸುತ್ತಾ ಹೋದರೆ ಕಂಪ್ಯೂಟರು ವ್ಯತ್ಯಾಸವನ್ನು ತಾನೇ ಕಲಿಯುತ್ತದಂತೆ. ಆಮೇಲೆ ಹೊಸಬರು ನಡೆದರೆ ಯಾವ ಗುಂಪಿನವರೆಂದು ಹೇಳುತ್ತದಂತೆ. ವೈರು ಜೋಡಿಸಿದ ಅಟ್ಟೆಗಳನ್ನು ನನ್ನ ಶೂ ಒಳಗಿಟ್ಟು ಕಾಲೇಜಿನ ಕಾರಿಡಾರಿನಲ್ಲಿ ನಡೆಸಿದಳು.

ಕಂಪ್ಯೂಟರು ನನ್ನನ್ನು ರೋಗಿಗಳ ಗುಂಪಿಗೆ ಹಾಕಿತು.

"ಟೀಚರನ್ನೇ ಪೇಷೆಂಟ್ ಮಾಡ್ಬಿಡ್ತಲ್ಲೇ!" ಎಂದು ಅವಳ ಗೆಳತಿ ನಕ್ಕಳು. ಎದೆಯುಬ್ಬಿಸಿ ಮತ್ತೆ ನಡೆದೆ. ಮತ್ತೆ ಅದೇ ಉತ್ತರ. "ಪ್ರೋಗ್ರಾಂನಲ್ಲೇ ಏನೋ ತಪ್ಪಿದೆ ಚಿಕ್ಕಮ್ಮ" ಎಂದು ಅಕ್ಕನ ಮಗಳು ಗಡಿಬಿಡಿಯಲ್ಲಿ ವೈರು ಬಿಚ್ಚಿದಳು. ನಾನೂ ನಕ್ಕೆ. ಮುಖವೆಲ್ಲ ಬಿಸಿಯಾಗಿತ್ತು.

ಅಂದಿನಿಂದ ನನ್ನ ಹೆಜ್ಜೆಯ ಸದ್ದು ನನಗೇ ಕೇಳತೊಡಗಿತು. ಎಡಗಾಲಿನ ಚಪ್ಪಲಿ ನೆಲಕ್ಕೆ ಉಜ್ಜುತ್ತಿತ್ತು. ಸ್ಟಾಫ್ ರೂಮಿನಿಂದ ಎಲ್ಲರೂ ಹೊರಟ ಮೇಲೆ ಏಳುತ್ತಿದ್ದೆ. ರೋಗದ ಭಯಕ್ಕಿಂತ, ಯಾರಾದರೂ ನೋಡಿಬಿಟ್ಟರೆ ಎಂಬ ನಾಚಿಕೆಯೇ ಹೆಚ್ಚಾಗಿತ್ತು.

ಜನವರಿ ಇಪ್ಪತ್ತಾರರ ಪರೇಡಿಗೆ ತಾಲೀಮು ಶುರುವಾಯಿತು. ಎಂಟನೇ ಕ್ಲಾಸಿನ ಹೊಸ ಹುಡುಗಿಯರಿಗೆ ನಾನೇ ಮುಂದೆ ನಡೆದು ತೋರಿಸಿದೆ. ತಿರುಗಿ ನೋಡಿದರೆ ಇಡೀ ಸಾಲು ಬಲಗೈ ಮಾತ್ರ ಬೀಸುತ್ತಿತ್ತು. ಎಡಗೈಗಳೆಲ್ಲ ಪಕ್ಕೆಗೆ ಅಂಟಿಕೊಂಡಿದ್ದವು.

"ಎಡಗೈಗೇನಾಗಿದೆ ನಿಮ್ಗೆಲ್ಲ?" ಎಂದು ರೇಗಿದೆ.

ಮುಂದಿನ ಹುಡುಗಿ ಹೆದರಿಕೊಂಡೇ, "ನೀವು ಹಂಗೇ ಅಲ್ವಾ ಮಿಸ್ ತೋರ್ಸಿದ್ದು?" ಎಂದಳು.

ಅವರ್‍ಯಾರೂ ನಗಲಿಲ್ಲ. ನಕ್ಕಿದ್ದರೆ ಬೈದು ಬಿಡಬಹುದಿತ್ತು. ತಲೆನೋವೆಂದು ಹೇಳಿ ಅವರನ್ನು ಕ್ಲಾಸಿಗೆ ಕಳಿಸಿದೆ. ಸಂಜೆ ಅಕ್ಕನ ಮಗಳಿಗೆ ಫೋನ್ ಮಾಡಿ, "ನಿನ್ ಪ್ರೋಗ್ರಾಂ ಸರಿಯಾಗೇ ಇದೆ ಕಣಮ್ಮ" ಎಂದೆ. ಅವಳು ಅಳತೊಡಗಿದಳು.

ಅವಳೇ ನನ್ನನ್ನು ಬೆಂಗಳೂರಿಗೆ ಕರೆದುಕೊಂಡು ಹೋದಳು. ನರರೋಗದ ಡಾಕ್ಟರು ಬಾಗಿಲಿನವರೆಗೆ ನಡೆಸಿದರು, ಬೆರಳು ಆಡಿಸಲು ಹೇಳಿದರು, ಮಣಿಕಟ್ಟು ಹಿಡಿದು ತಿರುಗಿಸಿದರು. "ಪಾರ್ಕಿನ್ಸನ್, ಈಗಷ್ಟೇ ಶುರುವಾಗಿದೆ. ಪೂರ್ತಿ ಹೋಗಲ್ಲ, ಆದ್ರೆ ಮಾತ್ರೆ ಇದೆ. ಕೆಲಸಾನೂ ಮಾಡ್ಬಹುದು" ಎಂದರು. ಕೇಳುವುದು ಎಷ್ಟೋ ಇತ್ತು. ನಾನು ಕೇಳಿದ್ದು ಒಂದೇ: "ನೋಡೋರಿಗೆ ಗೊತ್ತಾಗುತ್ತಾ ಡಾಕ್ಟ್ರೇ?" ಅಕ್ಕನ ಮಗಳು ನನ್ನತ್ತ ನೋಡಿ ತಲೆ ತಗ್ಗಿಸಿದಳು.

ಪರೇಡಿನ ಹಿಂದಿನ ದಿನ ಹುಡುಗಿಯರನ್ನು ಮರದಡಿ ಕೂರಿಸಿ, "ನನ್ನ ಕೈಗೆ ಕಾಯಿಲೆ ಕಣ್ರಮ್ಮ, ನನ್ನ ನೋಡಿ ಕಲೀಬೇಡಿ" ಎಂದೆ. ಅಷ್ಟು ಹೇಳುವುದರೊಳಗೆ ರವಿಕೆ ಬೆವರಿನಿಂದ ಒದ್ದೆಯಾಗಿತ್ತು. ಹತ್ತನೇ ಕ್ಲಾಸಿನವಳೊಬ್ಬಳು ಮುಂದೆ ನಿಂತು ನಡೆದು ತೋರಿಸಿದಳು.

ಮರುದಿನ ನಮ್ಮ ಹುಡುಗಿಯರು ಎರಡೂ ಕೈ ಬೀಸಿ ಚೆನ್ನಾಗಿಯೇ ನಡೆದರು. ನಾನೂ ಎದ್ದು ಚಪ್ಪಾಳೆ ತಟ್ಟಹೋದೆ. ಒಂದು ಕೈ ನಿಧಾನವಾಗಿ ಬಂತು. ಪಕ್ಕದಲ್ಲಿದ್ದ ಕನ್ನಡ ಟೀಚರ್ ನೋಡಿದರು. ಕೈಯನ್ನು ಸೆರಗಿನೊಳಗೆ ಎಳೆದುಕೊಂಡು ಕೂತೆ.