ಎದುರು ಮನೆಯವಳ ಕರಾಂತಿಕಾ

ಮೊನ್ನೆ ಶುಕ್ರವಾರ ಸಂಜೆ ದೋಹಾ ಪಕ್ಕದ ಅಲ್ ವಕ್ರಾದ ಕಡಲ ಬದಿಯಲ್ಲಿ ಮಗಳ ಜೊತೆ ನಡೆಯುತ್ತಿದ್ದಾಗ ಒಂದು ವಾಸನೆ ಬಂತು. ಬೆಂದ ಕಡ್ಲೆಹಿಟ್ಟು, ಅದರ ಮೇಲೆ ಬಿಸಿಬಿಸಿ ಇರುವಾಗಲೇ ಉದುರಿಸಿದ ಜೀರಿಗೆ ಪುಡಿ. ತಿರುಗಿ ನೋಡುವ ಮೊದಲೇ ನನ್ನ ಹೊಟ್ಟೆಯಲ್ಲಿ ಹಳೆಯ ಉರಿಯೊಂದು ಎದ್ದಿತು. ಹಸಿವೆಂದು ಯಾರಾದರೂ ತಿಳಿದುಕೊಂಡಾರು. ಅದು ಅಪ್ಪಟ ಹೊಟ್ಟೆಕಿಚ್ಚು.

ಆಗ ನಾವಿದ್ದದ್ದು ಅಲ್ ಮನ್ಸೂರಾದ ಹಳೆಯ ಕಟ್ಟಡವೊಂದರಲ್ಲಿ. ದೋಹಾದ ಆಕಾಶದ ತುಂಬ ಕ್ರೇನುಗಳೇ ಕಾಣುತ್ತಿದ್ದ ವರ್ಷಗಳು. ನಾನೂ ಗಂಡನೂ ಆಫೀಸಿಗೆ ಹೋಗುವವರು, ಮಗಳು ಎಲ್‌ಕೆಜಿ. ಶಾಲೆಯ ಬಸ್ಸು ಅವಳನ್ನು ಮಧ್ಯಾಹ್ನ ಬಿಟ್ಟರೆ ನಾನು ಬರುವಾಗ ಸಂಜೆಯಾಗುತ್ತಿತ್ತು. ಆ ನಡುವಿನ ಹೊತ್ತು ಮಗುವನ್ನು ನೋಡಿಕೊಳ್ಳುತ್ತೇನೆಂದು ಎದುರು ಬಾಗಿಲಿನವಳು ತಾನಾಗಿಯೇ ಹೇಳಿದಳು. ಆಲ್ಜೀರಿಯಾದವಳು, ವಹ್ರಾನ್ ಎಂಬ ಕಡಲೂರಿನ ಹೆಂಗಸು. ನನಗಿಂತ ಸ್ವಲ್ಪ ದೊಡ್ಡವಳು, ಮಕ್ಕಳಿರಲಿಲ್ಲ. ಮಗಳು ಅವಳನ್ನು ಖಾಲ್ತಿ ಎನ್ನುತ್ತಿದ್ದಳು. ಅವರಲ್ಲಿ ತಾಯಿಯ ಅಕ್ಕತಂಗಿಯರನ್ನು ಹಾಗೆ ಕರೆಯುವುದಂತೆ.

ನಾನು ಸುಸ್ತಾಗಿ ಬಂದು ಬಂಗುಡೆ ಮೀನಿನ ಗಸಿ ಮಾಡಿದರೆ ಮಗಳು ಮೂಸಿ ನೋಡಿ ತಟ್ಟೆ ತಳ್ಳುತ್ತಿದ್ದಳು. ಹೊಟ್ಟೆ ಎದುರು ಮನೆಯಲ್ಲೇ ತುಂಬಿರುತ್ತಿತ್ತು. ರವೆಯ ಕಣಕವನ್ನು ಎಣ್ಣೆ ಕೈಯಲ್ಲಿ ತೆಳ್ಳಗೆ ಹರಡಿ, ಈರುಳ್ಳಿ ಟೊಮೆಟೊ ಪಲ್ಯ ಇಟ್ಟು ಮಡಚಿ, ಕಾವಲಿಯಲ್ಲಿ ಸುಡುವ ಮ್ಹಾಜೆಬ್. ಇಲ್ಲವೆಂದರೆ ಕಡ್ಲೆಹಿಟ್ಟನ್ನು ಕಲಸಿ ಓವನ್ನಿನಲ್ಲಿ ಬೇಯಿಸಿದ ಕರಾಂತಿಕಾ. ಅದನ್ನು ಉದ್ದನೆಯ ಬ್ರೆಡ್ಡಿನೊಳಗೆ ತುರುಕಿ, ಕೆಂಪು ಮೆಣಸಿನ ಹರಿಸ್ಸಾ ಬಳಿದು ಕೊಡುತ್ತಿದ್ದಳು. ನನ್ನ ಸಾರು ಖಾರವೆಂದು ಅಳುವ ಹುಡುಗಿ ಅದನ್ನು ಮೂಗು ಸೋರಿಸಿಕೊಂಡು ತಿನ್ನುವುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ತಿನ್ನಿಸುವುದರ ಜೊತೆಗೆ ಕತೆಯೂ ಇರುತ್ತಿತ್ತು. ವಹ್ರಾನಿನ ಶಾಲೆಗಳ ಗೇಟಿನ ಹೊರಗೆ ಕರಾಂತಿಕಾದ ದೊಡ್ಡ ತಟ್ಟೆ ಹೊತ್ತ ತಳ್ಳುಗಾಡಿಗಳು ನಿಲ್ಲುತ್ತವಂತೆ, ಗಾಡಿಯವನು ಸೌಟಿನಿಂದ ತಟ್ಟೆಯಂಚಿಗೆ ಟಣಟಣ ಬಡಿಯುತ್ತಾನಂತೆ, ಕಡಲ ಕಡೆ ಇಳಿಯುವ ರಸ್ತೆಯಲ್ಲಿ ಬಿಸಿ ಸ್ಫೆಂಜ್ ಕರಿಯುತ್ತಾರಂತೆ, ನಮ್ಮ ಉದ್ದಿನವಡೆಯ ಆಕಾರದ ಮೈದಾ ತಿಂಡಿ... ರಾತ್ರಿ ಊಟಕ್ಕೆ ಕೂತಾಗ ಮಗಳು ಇದನ್ನೆಲ್ಲ ನಮಗೆ ವರದಿ ಒಪ್ಪಿಸುತ್ತಿದ್ದಳು. ಅಜ್ಜಿಮನೆಯಿರುವ ಮಂಗಳೂರಿನ ಒಂದು ರಸ್ತೆಯೂ ಅವಳಿಗೆ ಗೊತ್ತಿರಲಿಲ್ಲ. ಒಂದು ದಿನ ಶಿಲುಬೆಯ ಗುರುತು ಹಾಕಿ ಪ್ರಾರ್ಥನೆ ಮುಗಿಸಿದವಳೇ ‘ಬಿಸ್ಮಿಲ್ಲಾ’ ಎಂದು ತುತ್ತೆತ್ತಿದಳು. ಗಂಡ ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ. ಒಂಬತ್ತು ತಿಂಗಳು ಹೊತ್ತವಳು ನಾನು, ಇದೇನು ಅನ್ಯಾಯ ಎನಿಸಿತು.

ಕಡ್ಲೆಹಿಟ್ಟು ತಾನೇ, ಅವಳಿಗೆ ಬರುವುದು ನನಗೆ ಬಾರದೇ ಎಂದು ಒಂದು ಶನಿವಾರ ಹಠ ಹಿಡಿದು ಕೂತೆ. ನಮ್ಮ ಕಡೆಯ ಕೈಗೆ ಕಡ್ಲೆಹಿಟ್ಟು ಸಿಕ್ಕಿದರೆ ಅದು ಪೋಡಿ ಬಜ್ಜಿ ಕರಿಯುವ ಹದಕ್ಕೇ ಬಂದು ನಿಲ್ಲುತ್ತದೆ. ಸಾಲದ್ದಕ್ಕೆ ಚಿಟಿಕೆ ಇಂಗು, ಎರಡು ಹಸಿಮೆಣಸು, ಸೋಡಾ. ಓವನ್ನಿನಿಂದ ಹೊರಬಂದದ್ದನ್ನು ಚೂರಿಯಿಂದ ಕೊಯ್ಯಲಿಕ್ಕೂ ಆಗಲಿಲ್ಲ. ಆ ಹೊತ್ತಿಗೇ ಅವಳು ಬಾಗಿಲು ತಟ್ಟಬೇಕೇ! ಒಳಗೆ ಬಂದು ತಟ್ಟೆ ನೋಡಿ, ಉಳಿದ ಹಿಟ್ಟಿಗೆ ಬೆರಳಿಟ್ಟು, ಮುಂದಿನ ಹಲ್ಲುಗಳ ನಡುವಿನ ಸಂದು ಕಾಣುವಂತೆ ನಕ್ಕಳು.

“ಮೋಯಾ ಮಾಫಿ, ಹಬೀಬ್ತಿ! ಮೋಯಾ ಮಾಫಿ!”

ನೀರೇ ಇಲ್ಲವಲ್ಲ ಎನ್ನುತ್ತ ನಲ್ಲಿಯಿಂದ ಹಿಡಿದು ಸುರಿದಳು, ಸುರಿದಳು... ಹಿಟ್ಟು ನೀರುಮಜ್ಜಿಗೆಯಾಯಿತು. ಕೆಲವು ಗಂಟೆ ಹಾಗೇ ಇಡಬೇಕು, ಮೇಲೆ ಮೊಟ್ಟೆ ಸವರಬೇಕು ಎಂದು ಕೈಸನ್ನೆಯಲ್ಲಿ ಹೇಳಿದಳು. ಆ ಸಂಜೆ ಮಗಳು ನನ್ನ ಅಡಿಗೆಮನೆಯಲ್ಲಿ ನಿಂತು ಎರಡು ತುಂಡು ತಿಂದಳು. ತಿಂದು, ಓಡಿಹೋಗಿ ಅಪ್ಪಿಕೊಂಡದ್ದು ಮಾತ್ರ ಅವಳನ್ನು.

ಮೂರನೆಯ ವರ್ಷ ಅವಳ ಗಂಡನ ಕೆಲಸ ಮುಗಿಯಿತು, ಖಲಾಸ್. ಅವರು ಊರಿಗೆ ಹೊರಟ ಟ್ಯಾಕ್ಸಿ ಕಣ್ಮರೆಯಾದಾಗ ನನಗಾದದ್ದು ಸಮಾಧಾನವೇ. ಮಗಳು ಒಂದು ವಾರ ಅತ್ತಳು, ಆಮೇಲೆ ನನ್ನ ಗಸಿಗೆ ಬಂದಳು. ಕೆಲವು ತಿಂಗಳು ಫೋನ್ ಬರುತ್ತಿತ್ತು. ನಂತರ ಆ ನಂಬರು ತಾಗಲೇ ಇಲ್ಲ...

ಮೊನ್ನೆ ಆ ವಾಸನೆ ಬಂದ ತಿಂಡಿಗಾಡಿಯಿಂದ ಒಂದು ಬ್ರೆಡ್ ಕಟ್ಟಿಸಿ ಮಗಳ ಕೈಗೆ ಕೊಟ್ಟೆ. ಈಗ ಅವಳೂ ಕೆಲಸಕ್ಕೆ ಹೋಗುವವಳು. ಫೋನ್ ನೋಡುತ್ತಲೇ ಕಚ್ಚಿದಳು.

“ಲಾಯ್ಕುಂಟು ಮಮ್ಮಾ. ಎಂತ ಇದು, ಢೋಕ್ಲಾದ ಹಾಗೆ?”

“ಕರಾಂತಿಕಾ. ಖಾಲ್ತಿ ಮಾಡ್ತಿದ್ಳಲ್ಲ.”

“ಯಾವ ಖಾಲ್ತಿ?” ಇನ್ನೊಂದು ತುಂಡು ಅಗಿದು, “ಓ, ಮನ್ಸೂರಾದಲ್ಲಿ ಎದುರು ಇದ್ದ ಆಂಟಿಯಾ? ಮುಖ ಸಹ ನೆನಪಿಲ್ಲ ಮಮ್ಮಾ.”

ಎಷ್ಟು ವರ್ಷ ನಾನು ಹಂಬಲಿಸಿದ್ದು ಇದೇ ಮಾತಿಗೆ. ಕೇಳಿದ ಕೂಡಲೇ ಪಿತ್ತ ನೆತ್ತಿಗೇರಿತು.

“ಮರ್ತೆಯಾ? ಅವಳ ಕೈಯಲ್ಲಿ ತಿಂದು ಬೆಳೆದದ್ದು ಮಾರಾಯ್ತಿ ನೀನು!”

ನನ್ನ ಸ್ವರ ಕೇಳಿ ಬೆಂಚಿನಲ್ಲಿದ್ದವರು ತಿರುಗಿ ನೋಡಿದರು. ಮಗಳು ಕಕ್ಕಾಬಿಕ್ಕಿಯಾಗಿ ಫೋನನ್ನು ಚೀಲಕ್ಕೆ ಹಾಕಿದಳು. ಖಾಲ್ತಿ ಈಗ ಬದುಕಿದ್ದಾಳೋ ಇಲ್ಲವೋ, ತಿಳಿಯುವ ದಾರಿಯಿಲ್ಲ. ಈ ದೋಹಾದಲ್ಲಿ ಅವಳನ್ನು ನೆನೆಯುವವಳು ನಾನೊಬ್ಬಳೇ ಎಂದು ಹೊಳೆಯಿತು. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಖಾಲ್ತಿಯ ನಗು ಹೇಗಿತ್ತು, ಯಾವ ಬಣ್ಣದ ಸ್ಕಾರ್ಫ್ ಕಟ್ಟುತ್ತಿದ್ದಳು, ನಿದ್ದೆ ಬಂದ ನಿನ್ನನ್ನು ಹೇಗೆ ಹೆಗಲಿಗೆ ಹಾಕಿಕೊಂಡು ನಮ್ಮ ಬಾಗಿಲಿಗೆ ತರುತ್ತಿದ್ದಳು ಎಂದು ಒಂದೊಂದಾಗಿ ಹೇಳತೊಡಗಿದೆ.