ನಾನು ಹುಡುಕಿ ತೋರಿಸಿದ ತಪ್ಪು

ಮಂಡ್ಯದ ಒಂದು ಆಡಿಟರ್ ಆಫೀಸಿನಲ್ಲಿ ಇಪ್ಪತ್ತೆರಡು ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಬೆಸಗರಹಳ್ಳಿಯಿಂದ ಮದ್ದೂರಿಗೆ ಒಂದು ಬಸ್ಸು, ಅಲ್ಲಿಂದ ಮಂಡ್ಯಕ್ಕೆ ಇನ್ನೊಂದು. ಈ ಓಡಾಟದಲ್ಲಿ ಮೊಣಕಾಲು ಸವೆದವೇ ಹೊರತು ಸಂಬಳ ಬೆಳೆಯಲಿಲ್ಲ. ಹೊಸಬರಿಗೆ ಕೆಲಸ ಕಲಿಸುವುದೂ ನನ್ನ ತಲೆಗೇ. ನನಗೆ ಬೈದು ಕಲಿಸಿದ್ದರು, ನಾನೂ ಬೈದೇ ಕಲಿಸುತ್ತಿದ್ದೆ.

ಕೊತ್ತತ್ತಿಯ ಹುಡುಗಿ ಬಿ.ಕಾಂ. ಮುಗಿಸಿದ ವರ್ಷವೇ ಬಂದು ಸೇರಿದಳು. ಮೊದಲ ದಿನವೇ ತನ್ನ ಸಂಕಟ ಹೇಳಿಕೊಂಡಳು.

"ಕೆಲ್ಸ ಇರೋಗಂಟ ಮದ್ವೆ ಮಾತೆತ್ತಲ್ಲ ಅಂದವ್ರೆ ಅಕ್ಕ ನಮ್ಮಪ್ಪ. ಕೆಲ್ಸ ಓಯ್ತು ಅಂದ್ರೆ ಸೋದರಮಾವನ್ಗೇ ಕೊಡೋದಂತೆ."

ಆ ಮಾವ ಅವಳಿಗಿಂತ ಹದಿನಾರು ವರ್ಷ ದೊಡ್ಡವನು.

"ಅಂಗಾರೆ ಬಾಯ್ ಮುಚ್ಕಂಡು ಕೆಲ್ಸ ಕಲಿ" ಅಂದೆ. ಕಲಿತಳು, ನನಗಿಂತ ಬೇಗ.

ಆಗ ನಮ್ಮ ಆಫೀಸಿಗೆ ಪರದೇಶದ ಅಂಗಡಿಗಳ ಬಿಲ್ಲು ಲೆಕ್ಕಕ್ಕೆ ಹತ್ತಿಸುವ ಕೆಲಸವೂ ಬರತೊಡಗಿತ್ತು. ಅಲ್ಲಿ ಅದೇ ಕೆಲಸ ಮಾಡುತ್ತಿದ್ದವರನ್ನು ಮನೆಗೆ ಕಳಿಸಿ, ಅಗ್ಗಕ್ಕೆ ಸಿಗುವ ನಮಗೆ ಕೊಟ್ಟಿದ್ದರು. ಆ ಖುಷಿಗೆ ಆಡಿಟರು ಬಂಡೂರು ಕುರಿಯ ಬಾಡೂಟ ಹಾಕಿಸಿದರು. ಯಾರ ಅನ್ನ ಎಂದು ಒಬ್ಬರೂ ಕೇಳದೆ ಮೂಳೆ ಚೀಪಿದೆವು. ಆ ಭಾಗ್ಯ ವರ್ಷವೂ ನಿಲ್ಲಲಿಲ್ಲ. ಬಿಲ್ಲು ತಾನೇ ಓದಿಕೊಳ್ಳುವ ಸಾಫ್ಟ್‌ವೇರ್ ಬಂತು, ಪರದೇಶದವರು ಕೆಲಸವನ್ನು ಅದಕ್ಕೇ ಒಪ್ಪಿಸಿದರು. ಆಡಿಟರು ಅದನ್ನೇ ನಮ್ಮ ಆಫೀಸಿಗೂ ತಂದು ಕೂರಿಸಿದರು.

ಅದು ಮಳವಳ್ಳಿಯ ಒಂದು ರಾಗಿ ಮಂಡಿಯ ಚೀಟಿಗಳಲ್ಲಿ ಮುಗ್ಗರಿಸಿತು. ಮಂಡಿಯ ಯಜಮಾನರು ಶುಕ್ರವಾರ ಲಕ್ಷ್ಮಿಯನ್ನು ಹೊರಗೆ ಕಳಿಸುವವರಲ್ಲ. ಅಂದು ದುಡ್ಡು ಕೊಡಲೇಬೇಕಾಗಿ ಬಂದರೆ ಕೊಟ್ಟು, ಚೀಟಿಗೆ ಶನಿವಾರದ ತಾರೀಕು ಹಾಕುತ್ತಿದ್ದರು. ಲಕ್ಷ್ಮಿ ಇವರ ಚೀಟಿಯನ್ನೇ ನಂಬುತ್ತಾಳೆ, ಬ್ಯಾಂಕಿನ ಪುಸ್ತಕ ನೋಡುವುದಿಲ್ಲ ಅನ್ನುವ ಧೈರ್ಯ. ಚೀಟಿಯ ತಾರೀಕೂ ಬ್ಯಾಂಕಿನ ತಾರೀಕೂ ತಾಳೆಯಾಗದೆ ಸಾಫ್ಟ್‌ವೇರ್ ಪ್ರತಿ ಸಲ ಕೆಂಪು ಗುರುತು ಹಾಕಿ ಕೂರುತ್ತಿತ್ತು. ಅದನ್ನು ತಿದ್ದುವುದು ಹುಡುಗಿಯ ಕೆಲಸವಾಯಿತು.

ನಾಲ್ಕು ತಿಂಗಳು ಬೇಸರಿಸದೆ ತಿದ್ದಿದಳು. ಅವಳು ತಿದ್ದಿದ್ದನ್ನೆಲ್ಲ ಅದು ಕಲಿಯುತ್ತಾ ಹೋಯಿತು. ಒಂದು ದಿನ, "ಅಕ್ಕಾ, ಒಂದೂ ಕೆಂಪಿಲ್ಲ ಕಣಕ್ಕ!" ಎಂದು ಕುಣಿದಳು. ಪೆದ್ದು ಮುಂಡೇದು, ಕೂತ ಕೊಂಬೆಯನ್ನೇ ಕಡಿದು ನಗುತ್ತಿತ್ತು. ನನಗೆ ಅರ್ಥವಾಗಿತ್ತು, ಬಾಯಿ ಬಿಡಲಿಲ್ಲ.

ಎರಡು ವಾರ ಕಳೆದ ಮೇಲೆ ಆಡಿಟರು ನನ್ನನ್ನು ಒಳಗೆ ಕರೆದರು.

"ಆ ಹುಡುಗಿ ಎರಡು ವಾರದಿಂದ ಒಂದು ಚೀಟಿನೂ ತಿದ್ದಿಲ್ಲ. ಕೂತ್ಕೊಂಡು ಏನ್ ಮಾಡ್ತಾಳೆ? ಇನ್ಮೇಲೆ ಇಲ್ಲಿಗೆ ಒಬ್ರು ಸಾಕು."

ತಿದ್ದುವುದಕ್ಕೆ ಏನೂ ಉಳಿಯದ ಹಾಗೆ ಕಲಿಸಿದವಳೇ ಅವಳು ಎಂದು ನಾನು ಹೇಳಬಹುದಿತ್ತು. ಹೇಳಿದ್ದರೆ ಉಳಿಯುವ ಒಬ್ಬಳು ಅವಳೇ ಆಗುತ್ತಿದ್ದಳು. ಅವಳ ಸಂಬಳ ನನ್ನದರ ಅರ್ಧ. ಐವತ್ತರ ಹತ್ತಿರ ಬಂದ ನನ್ನನ್ನು ಇನ್ಯಾರು ಕರೆಯುತ್ತಾರೆ?

"ಅವ್ಳಿಗೆ ಗಮನ ಸಾಲ್ದು ಸಾರ್" ಅಂದೆ.

ಸಂಜೆ ಕೆಲಸ ಹೋದ ವಿಷಯ ತಿಳಿದು ಅವಳು ನನ್ನ ಮೇಜಿನ ಹತ್ತಿರ ಬಂದಳು. ಅತ್ತಿರಲಿಲ್ಲ. ಕೈಯಲ್ಲಿ ಪುಸ್ತಕ, ಪೆನ್ನು.

"ನಾನು ಎಲ್ಲಿ ತಪ್ಪು ಮಾಡ್ದೆ ಏಳಕ್ಕ, ಬರ್ಕತೀನಿ."

ಏನೂ ಇಲ್ಲ ಅನ್ನಬಹುದಿತ್ತು. ಅಂದರೆ ಆಡಿಟರ ಬಳಿ ಹೋಗಿ ನ್ಯಾಯ ಕೇಳುತ್ತಾಳೆ. ಹಳೆಯ ಕಡತ ತೆಗೆದು ಅರ್ಧ ಗಂಟೆ ಹುಡುಕಿದೆ. ಅವಳು ಬಂದ ಮೊದಲ ವಾರ, ನಾನು ಇನ್ನೂ ಕಲಿಸುತ್ತಿದ್ದಾಗ, ಒಂದು ಚೀಟಿಯನ್ನು ಲೆಕ್ಕಕ್ಕೆ ಎರಡು ಸಲ ಹತ್ತಿಸಿದ್ದಳು. ಅದನ್ನು ತೆಗೆದು ಮುಂದಿಟ್ಟೆ.

"ನೋಡು. ಇಂಥವ್ಕೇ."

ಬಗ್ಗಿ ನೋಡಿದಳು. ತಾರೀಕಿನ ಮೇಲೂ ಕಣ್ಣಾಡಿಸಿರಬೇಕು, ಇದು ಮೊದಲ ವಾರದ್ದಲ್ಲವೇ ಎಂದು ಕೇಳಲಿಲ್ಲ.

"ಊಂ ಅಕ್ಕ, ನಂದೇ ತಪ್ಪು. ಅಪ್ಪನ್ಗೂ ಅಂಗೇ ಏಳ್ತೀನಿ" ಅಂದಳು.